ತಡಿಯಂಡಮೋಳ್ ಓಡಿ ಹತ್ತಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಮೈಸೂರಿನ ಐದು ಜನ ಗೆಳೆಯರು ನಾವು. ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಸಲೀಸಾಗಿ ಓಡುತ್ತೇವೆ. ಡಿಸೆಂಬರ್‌ನಲ್ಲಿ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಿ ಇಳಿಯಬೇಕು, ಎಲ್ಲೂ ನಡೆಯದೆ. ಏನೇನು ಗಮನಿಸಬೇಕು? ಶೂ ಎಂಥದ್ದಿರಬೇಕು?

ವಿರಾಜಪೇಟೆಯಿಂದ:
‘ಎಲ್ಲೂ ನಡೆಯದೆ’ ಅನ್ನೋದನ್ನು ಮೊದಲು ಬಿಡಿ. ಬೆಟ್ಟದ ಓಟಕ್ಕೆ ಹೆಸರಾದ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ 1932ರಲ್ಲಿ ಬಾಬ್ ಗ್ರಹಾಂ 24 ಗಂಟೆಯೊಳಗೆ 42 ಶಿಖರ ಸುತ್ತಿ ಬಂದರು. ಇವತ್ತಿಗೂ ಆ ಸುತ್ತು ಓಡುವವರು ಕಡಿದಾದ ಏರು ಬಂದರೆ ಮಂಡಿಗೆ ಕೈ ಊರಿ ನಡೆಯುತ್ತಾರೆ. ಅದರಲ್ಲಿ ನಾಚಿಕೆ ಏನಿಲ್ಲ.

ನಾಲ್ಕುನಾಡು ಅರಮನೆ ದಾಟಿದ ಮೇಲೆ ಸ್ವಲ್ಪ ದೂರ ಅಗಲ ದಾರಿ. ಹುಮ್ಮಸ್ಸೆಲ್ಲ ಅಲ್ಲೇ ಖರ್ಚಾಗಿಬಿಡುತ್ತದೆ, ಹುಷಾರು. ನಿಜವಾದ ಏರು ಕೊನೆಯಲ್ಲಿ, ಶೋಲಾ ಕಾಡಿನೊಳಗೆ, ಅಂದರೆ ಬೆಟ್ಟದ ಮಡಿಲಿನ ದಟ್ಟ ಹಸಿರು ಕಾಡಿನಲ್ಲಿ. ಬೇರು, ಸಡಿಲ ಕಲ್ಲು, ಒದ್ದೆ ಮಣ್ಣು. ಅದರಾಚೆ 1,748 ಮೀಟರ್ ಎತ್ತರದ ನೆತ್ತಿ, ಬರೀ ಹುಲ್ಲು ಮತ್ತು ಗಾಳಿ.

ಆದರೆ ಕಲಿಯಬೇಕಾದ್ದು ಇಳಿಯೋದನ್ನು. ರಸ್ತೆ ಓಟಗಾರರು ಇಳಿಜಾರಲ್ಲಿ ಹೆದರಿ ಹಿಂದಕ್ಕೆ ವಾಲುತ್ತಾರೆ, ಹಿಮ್ಮಡಿ ಊರುತ್ತಾರೆ. ಜಾರುವುದು ಆಗಲೇ. ಹೆಜ್ಜೆ ಚಿಕ್ಕದಿರಲಿ, ಬೇಗ ಬೇಗ ಬೀಳಲಿ, ಮಂಡಿ ಸ್ವಲ್ಪ ಬಾಗಿರಲಿ, ಕೈಗಳು ಅಗಲವಾಗಿರಲಿ. ಕಣ್ಣು ಕಾಲ ಬುಡದಲ್ಲಲ್ಲ, ಮೂರು ನಾಲ್ಕು ಹೆಜ್ಜೆ ಮುಂದೆ. ಹುಲ್ಲಿನಡಿ ಕಲ್ಲು ಅಡಗಿರುತ್ತದೆ, ಅಲ್ಲಿ ವೇಗ ಬೇಡ. ಇಳಿಯುವಾಗ ತೊಡೆಯ ಸ್ನಾಯು ಎಳೆಸಿಕೊಂಡೇ ಮೈಭಾರ ತಡೆಯಬೇಕು. ಅದಕ್ಕೇ ನೋವು ಎರಡನೇ ದಿನ ಜಾಸ್ತಿ. ಈಗಿನಿಂದಲೇ ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿದು ಅಭ್ಯಾಸ ಮಾಡಿ. ಹತ್ತಿದ್ದಕ್ಕಿಂತ ಇಳಿದದ್ದೇ ಕೆಲಸಕ್ಕೆ ಬರುತ್ತದೆ.

ಮಡಿಕೇರಿಯಿಂದ:
ಸಮಯದ ಲೆಕ್ಕಕ್ಕೆ 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ ಕೊಟ್ಟ ಹಳೇ ಸೂತ್ರ ಸಾಕು. ಮೂರು ಮೈಲಿಗೆ ಒಂದು ಗಂಟೆ, ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಅದು ನಡಿಗೆಯ ಲೆಕ್ಕ, ನಿಜ. ಆದರೆ ಐದು ಜನರ ಗುಂಪಿನಲ್ಲಿ ಒಬ್ಬರ ಕಾಲು ಉಳುಕಿದರೆ ಎಲ್ಲರೂ ನಡೆಯಲೇಬೇಕು ಅಲ್ವಾ? ಬೆಳಕಿರುವಾಗಲೇ ಕೆಳಗಿರುವ ಹಾಗೆ ಹೊರಡಿ. ಎಲ್ಲರಿಗಿಂತ ನಿಧಾನದವರನ್ನು ಮುಂದೆ ಬಿಡಿ. ಕವಲು ಬಂದಲ್ಲೆಲ್ಲ ನಿಂತು ಐದೂ ತಲೆ ಎಣಿಸಿ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಮಾಡಿಸಿಕೊಳ್ಳಿ.

ಕಕ್ಕಬ್ಬೆ ಕಡೆಯಿಂದ:
ಡಿಸೆಂಬರ್ ಒಳ್ಳೆಯದೇ ಮಾರಾಯ್ರೇ. ಮಳೆಗಾಲದಲ್ಲಾದರೆ ಮಂಜಿನಲ್ಲಿ ದಾರಿಯೂ ಕಾಣದು, ಜಿಗಣೆಯೂ ಬಿಡದು. ಮಾರ್ಚ್–ಏಪ್ರಿಲ್‌ನ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಹೊತ್ತಲ್ಲಿ ಮಧ್ಯಾಹ್ನ ಗುಡುಗು ಕೇಳಿದರೆ ಬೋಳು ನೆತ್ತಿಯಲ್ಲಿ ನಿಲ್ಲಲೇಬೇಡಿ. ಡಿಸೆಂಬರ್‌ನಲ್ಲೂ ಬೆವರು ಆರುವಾಗ ಗಾಳಿಗೆ ಮೈ ನಡುಗುತ್ತದೆ, ಒಂದು ತೆಳು ಜಾಕೆಟ್ ಇರಲಿ. ಸೀಟಿ, ನೀರು, ಬ್ಯಾಂಡೇಜ್ ಪ್ರತಿಯೊಬ್ಬರ ಹತ್ತಿರವೂ ಇರಲಿ, ಒಬ್ಬರ ಚೀಲದಲ್ಲಲ್ಲ. ನಸುಕಿನಲ್ಲಿ ತೋಟದ ದಾರಿಯಲ್ಲಿ ಓಡಬೇಡಿ, ಆನೆ ಇರಬಹುದು. ಲದ್ದಿ ಬಿಸಿ ಕಂಡರೆ ಸುಮ್ನೆ ವಾಪಸ್ ಬನ್ನಿ.

ವಿರಾಜಪೇಟೆಯಿಂದ ಮತ್ತೆ:
ಶೂ ಮರೆತೆವು ನೋಡಿ. ಅಡಿಯಲ್ಲಿ ಆಳ ಹಲ್ಲಿರುವುದು ಬೇಕು, ದಪ್ಪ ಮೆತ್ತೆಯದ್ದಲ್ಲ. ಮೆತ್ತೆ ಎತ್ತರವಿದ್ದಷ್ಟೂ ಕಾಲು ಹೊರಳುತ್ತದೆ. ಇಳಿಯುವ ಮುಂಚೆ ಲೇಸ್ ಇನ್ನೊಮ್ಮೆ ಬಿಗಿ ಮಾಡಿ, ಇಲ್ಲದಿದ್ದರೆ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.