ಮಗನ ಬೂಟು, ಅಪ್ಪನ ಬೊಬ್ಬೆ

ಭಾನುವಾರ ಸಂಜೆ ಹಾಲೇಶ ಮಂಡಕ್ಕಿ ಅಂಗಡಿಗೆ ಕುಂಟುತ್ತಾ ಬಂದ. ಬೆಂಚಿನ ಮೇಲೆ ಕೂತು ಎರಡೂ ಕಾಲನ್ನು ಎದುರಿನ ಸ್ಟೂಲಿಗೆ ಎತ್ತಿಟ್ಟ. ಹಿಮ್ಮಡಿ ನೋಡಿ ನಮ್ಮ ಬಾಯಲ್ಲಿದ್ದ ಮೆಣಸಿನಕಾಯಿ ಕೆಳಗಿಳಿಯಲಿಲ್ಲ. ಕಾದ ಹೆಂಚಿನ ಮೇಲೆ ಬೆಣ್ಣೆ ದೋಸೆ ಗುಳ್ಳೆ ಏಳುತ್ತದಲ್ಲ, ಥೇಟ್ ಹಾಗೆ.

“ಏನಲೇ, ಕೆಂಡ ಹಾಯ್ದು ಬಂದೆಯಾ?” ಎಂದ ತಿಪ್ಪೇಶಿ.

“ದುರ್ಗದ ಕೋಟೆ ಹತ್ತಿ ಬಂದೆ. ಮಿಲಿಟ್ರಿ ಬೂಟು ಹಾಕ್ಕೊಂಡು.”

ಸಂಗತಿ ಇಷ್ಟು. ಅವನ ಮಗ ಅಗ್ನಿವೀರನಾಗಿ ಆಯ್ಕೆಯಾಗಿದ್ದಾನೆ. ಹೊಸ ಬೂಟು ಕಾಲು ಕಚ್ಚುತ್ತದೆ ಎಂದು ಯಾರೋ ಹೆದರಿಸಿದ್ದಾರೆ. ಹಾಲೇಶ ತಕ್ಷಣ ಒಂದು ಜೊತೆ ದಪ್ಪ ಚರ್ಮದ ಬೂಟು ಕೊಂಡುತಂದ. ಮಗ ಮೊಬೈಲು ಹಿಡಿದು ಮಲಗಿದ್ದ, ಮುಟ್ಟಲೂ ಇಲ್ಲ. ಸರಿ, ನಾನೇ ಮೆತ್ತಗೆ ಮಾಡಿ ಕೊಡುತ್ತೇನೆ ಎಂದು ಅಪ್ಪ ತಾನೇ ಕಾಲು ತೂರಿಸಿದ. “ನನ್ನ ಚಪ್ಪಲಿ ಅವನ ಕಾಲಿಗೆ ಬರುತ್ತೆ. ಅವನ ಬೂಟು ನನ್ನ ಕಾಲಿಗೆ ಬರಲ್ವಾ?”

ಹವಾಲ್ದಾರಣ್ಣನಿಗೆ ನಗು ತಡೆಯಲಾಗದೆ ಮಂಡಕ್ಕಿ ಮೂಗಿಗೇರಿತು. ಅವರು ಸೇನೆಯಿಂದ ರಿಟೈರಾಗಿ ಬಂದವರು. ಬೂಟಿನ ವಿಷಯದಲ್ಲಿ ಅವರ ಮಾತಿಗೆ ನಮ್ಮ ಬೆಂಚಿನಲ್ಲಿ ಅಪೀಲಿಲ್ಲ.

“ಅಲ್ಲೋ ಮಾರಾಯ, ಬೂಟು ಬಗ್ಗೋದು ಹಾಕಿದವನ ಬೆರಳು ಬಗ್ಗೋ ಜಾಗದಲ್ಲಿ. ಅದರಲ್ಲಿ ಈಗ ನಿನ್ನ ಕಾಲಿನ ಅಚ್ಚು ಕೂತಿದೆ. ನಿನ್ನ ಮಗ ಹಾಕಿದರೆ ಅವನಿಗೂ ಕಚ್ಚುತ್ತೆ. ಎಷ್ಟು ಹೊತ್ತು ಹಾಕಿದ್ದೆ?”

“ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ. ಒಂದೇ ದಿನಕ್ಕೆ ಮುಗಿಸೋಣ ಅಂತ.”

ತಿಪ್ಪೇಶಿಗೆ ಸಿಟ್ಟೇ ಬಂತು. ಅವನು ಮೆಕ್ಕೆಜೋಳ ಬೆಳೆಯುವವನು, ಮನೆಯಲ್ಲಿ ಇವತ್ತಿಗೂ ಒಂದು ಜೊತೆ ಎತ್ತಿವೆ. “ಹೊಸ ಹೋರಿಗೆ ಮೊದಲನೇ ದಿನವೇ ಚೀಲ ಹೇರಿದ ಗಾಡಿ ಕಟ್ತೀಯೇನಲೇ? ಬರೀ ನೊಗ ಇಟ್ಟು ಓಡಾಡಿಸಬೇಕು. ಆಮೇಲೆ ಖಾಲಿ ಗಾಡಿ. ಇಲ್ಲಾಂದ್ರೆ ಹೆಗಲು ಬಾತುಕೊಳ್ಳುತ್ತೆ.”

“ಬೂಟಿಗೂ ಅಷ್ಟೇ” ಎಂದರು ಹವಾಲ್ದಾರಣ್ಣ. “ಮೊದಲು ದಿನಕ್ಕೆ ಒಂದು ಗಂಟೆ, ಮನೆಯೊಳಗೆ. ಆಮೇಲೆ ಬೀದಿ ತುದಿಯವರೆಗೆ. ಆಮೇಲೆ ಕುಂದವಾಡ ಕೆರೆ.”

“ಮನೆಯೊಳಗೆ ಬೂಟಾ?” ಹಾಲೇಶ ಕಾಲು ಕೆಳಗಿಟ್ಟ. “ನಮ್ಮವ್ವ ಬೂಟಿನ ಜೊತೆ ನನ್ನನ್ನೂ ಹೊರಗೆ ಹಾಕ್ತಾಳೆ.”

ಇದಕ್ಕೆ ಸೇನೆಯಲ್ಲೂ ಉತ್ತರವಿರಲಿಲ್ಲ.

ವಿಚಾರಣೆ ಮುಂದುವರಿಯಿತು. ಬೂಟು ಕೊಂಡದ್ದು ಬೆಳಿಗ್ಗೆ. ಸಂಜೆ ಹೊತ್ತಿಗೆ ಕಾಲು ಸ್ವಲ್ಪ ಊದಿಕೊಂಡಿರುತ್ತದೆ, ಅಳತೆ ನೋಡಬೇಕಾದ್ದು ಆಗ. ಕಾಲುಚೀಲ ಮದುವೆಗೆ ಹಾಕುವ ತೆಳು ನೈಲಾನಿನದು. ಅದು ಜಾರಿ ಅಂಗಾಲಿನ ಕೆಳಗೆ ಮುದ್ದೆಯಾಗಿತ್ತು. ಲೇಸನ್ನು ಗಾಳಿಯಾಡಲಿ ಎಂದು ಸಡಿಲ ಬಿಟ್ಟಿದ್ದ.

“ಗಾಳಿ ಆಡಲಿಲ್ಲ, ಹಿಮ್ಮಡಿ ಆಡಿತು” ಎಂದರು ಹವಾಲ್ದಾರಣ್ಣ. “ಒಳಗಿನ ಮೂಳೆ ಮೇಲೆ ಕೆಳಗೆ ಹೋಗುತ್ತೆ. ಬೆವೆತ ಚರ್ಮ ಕಾಲುಚೀಲಕ್ಕೆ ಅಂಟಿಕೊಂಡು ಅಲ್ಲೇ ನಿಲ್ಲುತ್ತೆ. ಈ ಜಗ್ಗಾಟದಲ್ಲಿ ಚರ್ಮದ ಪದರ ಬಿಟ್ಟುಕೊಂಡು ನೀರು ತುಂಬಿತು ಅಂದರೆ ಬೊಬ್ಬೆ. ಒಳಗೊಂದು ತೆಳು ಕಾಲುಚೀಲ, ಮೇಲೊಂದು ದಪ್ಪದ್ದು ಹಾಕಿದ್ದರೆ ಅವೆರಡೂ ತಮ್ಮತಮ್ಮಲ್ಲೇ ಉಜ್ಜಾಡಿಕೊಳ್ಳುತ್ತಿದ್ದವು. ನಿನ್ನ ಚರ್ಮಕ್ಕೆ ಕಷ್ಟ ಇರುತ್ತಿರಲಿಲ್ಲ. ಉರಿ ಶುರುವಾದ ಕೂಡಲೇ ಕೂತು ಟೇಪ್ ಹಚ್ಚಬೇಕಿತ್ತು.”

“ಉರಿ ಶುರುವಾಗಿದ್ದು ಓಬವ್ವನ ಕಿಂಡಿ ಹತ್ತಿರ. ಅಲ್ಲಿ ಕೂತು ಅಯ್ಯೋ ಕಾಲು ಅನ್ನೋಕೆ ನಾಚಿಕೆ ಆಯ್ತು.”

ಅದು ಮಾತ್ರ ನ್ಯಾಯ. ಒನಕೆ ಹಿಡಿದು ಹೈದರಾಲಿಯ ಸೈನಿಕರನ್ನು ತಡೆದವಳ ಮುಂದೆ ಯಾರು ತಾನೇ ಕಾಲುಚೀಲ ಬಿಚ್ಚುತ್ತಾರೆ?

ನಾನೂ ಸುಮ್ನೆ ಕೂರಲಾರದೆ, ಓದಿದ್ದ ಒಂದು ವಿಷಯ ಬಿಟ್ಟೆ. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಕೆಡೆಟ್‌ಗಳ ಪಾದಕ್ಕೆ ಬೆವರು ತಡೆಯುವ ಔಷಧಿ ಹಚ್ಚಿ 21 ಕಿಲೋಮೀಟರ್ ನಡೆಸಿದ್ದರಂತೆ. 1998ರಲ್ಲಿ ಅದರ ವರದಿ ಬಂತು. ಮೂರು ರಾತ್ರಿಯಾದರೂ ಹಚ್ಚಿಕೊಂಡವರಲ್ಲಿ ಬೊಬ್ಬೆ ಎದ್ದದ್ದು ನೂರಕ್ಕೆ 21 ಜನಕ್ಕೆ, ಹಚ್ಚದವರಲ್ಲಿ 48.

“ಬಗಲಿಗೆ ಹಚ್ಚೋದನ್ನ ಕಾಲಿಗಾ?” ಹಾಲೇಶನ ಕಣ್ಣು ಅರಳಿತು. “ನಾಳೆಯೇ ತರ್ತೀನಿ.”

“ಪೂರ್ತಿ ಕೇಳು. ಹಚ್ಚಿಕೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಚರ್ಮ ಕೆರಳಿತ್ತು.”

“ಬೊಬ್ಬೆ ಬೇಡ ಅಂದ್ರೆ ನವೆ ಕೊಡ್ತೀಯಾ?” ಎಂದು ಮಂಡಕ್ಕಿ ತಟ್ಟೆ ತನ್ನ ಕಡೆ ಎಳೆದುಕೊಂಡ.

ಮನೆಯಲ್ಲಿ ಅವರವ್ವ ಸೂಜಿ ಹಿಡಿದು ಕಾಯುತ್ತಿದ್ದಾಳಂತೆ. ಹವಾಲ್ದಾರಣ್ಣ ಬೇಡವೆಂದರು. ಮೇಲಿನ ಸಿಪ್ಪೆಯೇ ಒಳ್ಳೆಯ ಪಟ್ಟಿ, ಕೀಳಬಾರದು, ತೊಳೆದು ಬಟ್ಟೆ ಕಟ್ಟಿದರೆ ಸಾಕು. ಬೂಟಿಗೆ ಏನು ಮಾಡಲಿ ಎಂದು ಕೇಳಿದ. ಬೆವರಿಗೆ ಒದ್ದೆಯಾಗಿದೆ, ಒಲೆ ಪಕ್ಕ ಇಟ್ಟಿದ್ದಾನಂತೆ!

“ಮೊದಲು ಎತ್ತು! ಬಿಸಿಗೆ ಚರ್ಮ ಸೆಡೆತು ಬಿರುಕು ಬಿಡುತ್ತೆ. ನೆರಳಲ್ಲಿ ಒಣಗಿಸಿ ಆಮೇಲೆ ಎಣ್ಣೆ ಸವರು.”

“ನಮ್ಮಜ್ಜ ಕೆರಕ್ಕೆ ಹರಳೆಣ್ಣೆ ಕುಡಿಸ್ತಿದ್ದ” ಎಂದ ತಿಪ್ಪೇಶಿ. “ಎಂಟು ದಿನ ನಾಯಿ ಹಿಂದೆ ಹಿಂದೇನೇ ಬರೋದು.”

ಚಹಾ ಬಂತು. ಹವಾಲ್ದಾರಣ್ಣ ಒಂದು ಗುಟುಕು ಕುಡಿದು, ಏನೋ ನೆನಪಾದವರಂತೆ ಕೇಳಿದರು. “ಅಂದ ಹಾಗೆ, ಬೂಟು ಯಾಕೆ ಕೊಂಡೆ? ಟ್ರೈನಿಂಗಿಗೆ ಹೋದರೆ ಅಲ್ಲೇ ಕೊಡ್ತಾರಲ್ಲ.”

ಹಾಲೇಶ ಲೋಟ ಕೆಳಗಿಟ್ಟ. ತುಂಬಾ ಹೊತ್ತು ತನ್ನ ಹಿಮ್ಮಡಿಯನ್ನೇ ನೋಡಿದ. “ಅಂಗಡಿಯವನು ವಾಪಸ್ ತಗೋತಾನಾ?”

“ಅಚ್ಚು ಕೂತಿದೆಯಲ್ಲ, ನಿನ್ನ ಹೆಸರಿಗೇ ಖಾತೆ ಆಯ್ತು ಬಿಡು” ಎಂದ ತಿಪ್ಪೇಶಿ.

ಹದಿನೈದು ದಿನ ಬಿಟ್ಟು ಅವರ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಹಾಲೇಶ ಎರಡು ಜೊತೆ ಕಾಲುಚೀಲ ಹಾಕಿ, ಲೇಸು ಬಿಗಿದು, ಎಮ್ಮೆಯ ಮುಂದೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ಮಗ ಬರಿಗಾಲಲ್ಲಿ ಕಟ್ಟೆ ಮೇಲೆ ಕೂತು, ಮಂಡಕ್ಕಿ ತಿನ್ನುತ್ತಾ, “ದಾಹಿನೇ ಮುಡ್” ಎನ್ನುತ್ತಿದ್ದ.