ದೇವರನ್ನು ನಂಬದ ‘ದೇವರಂಥ ಮನುಷ್ಯ’: ಒಂದು ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಮುಂಬಯಿಯ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತಿದ್ದ ನನ್ನ ಸೋದರಮಾವ ಕಳೆದ ತಿಂಗಳು ತೀರಿಕೊಂಡರು. ನಮ್ಮ ಊರವರ ಸಂಘದ ಪತ್ರಿಕೆಗೆ ಒಂದು ಪುಟದ ನುಡಿನಮನ ಬರೆದುಕೊಟ್ಟೆ. ‘ಮಾವ ನಾಸ್ತಿಕರಾಗಿದ್ದರು’ ಎಂದು ಅದರಲ್ಲಿ ಒಂದು ಸಾಲಿತ್ತು. ಸಂಪಾದಕರು ಫೋನ್ ಮಾಡಿ, “ತೀರಿಕೊಂಡವರ ಬಗ್ಗೆ ಹಾಗೆಲ್ಲ ಬರೆಯಬೇಡಿ ಮಾರಾಯ್ರೆ, ಬೈದ ಹಾಗೆ ಆಗ್ತದೆ” ಎಂದರು. ಅದನ್ನು ಹೊಡೆದು ‘ದೇವರಂಥ ಮನುಷ್ಯ’ ಎಂದು ಹಾಕಿದ್ದಾರಂತೆ. ಮಾವ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಅವರು ಎಂಥವರು ಅಂದರೆ, ಹೋಟೆಲಿನ ಹುಡುಗರು ಕನ್ನಡ ರಾತ್ರಿ ಶಾಲೆಗೆ ಹೋಗಲಿ ಎಂದು ಅವರ ಪಾಳಿ ಬದಲಿಸಿ ಕೊಡುತ್ತಿದ್ದರು. ಬಿಲ್ಲಿಗಿಂತ ಜಾಸ್ತಿ ಕೊಟ್ಟು ಹೋದ ಗಿರಾಕಿಯ ಹಿಂದೆ ಒಮ್ಮೆ ಸ್ಟೇಷನ್ ತನಕ ಓಡಿದ್ದರು. ಗಲ್ಲಾದ ಮೇಲಿನ ಫೋಟೋಗೆ ಊದುಬತ್ತಿ ಹಚ್ಚುವ ಕೆಲಸ ಮಾತ್ರ ಬೇರೆಯವರದ್ದು. “ದೇವರ ಹೆದರಿಕೆ ಇಲ್ಲದವನು ಗಲ್ಲಾಕ್ಕೆ ಕೈ ಹಾಕುವುದಿಲ್ಲ ಅಂತ ಏನು ಗ್ಯಾರಂಟಿ?” ಎಂದು ಸಾಹುಕಾರರು ತಮಾಷೆಗೆ ಕೇಳಿದ್ದರಂತೆ. “ರಾತ್ರಿ ಲೆಕ್ಕದಲ್ಲಿ ಎರಡು ರೂಪಾಯಿ ತಾಳೆ ಆಗದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅಷ್ಟಕ್ಕೆಲ್ಲ ದೇವರು ಯಾಕೆ?” ಎಂದರಂತೆ ಮಾವ.

ಇಂಥವರಿಗೆ ಕನ್ನಡದಲ್ಲಿ ಏನೆನ್ನುವುದು? ನಾನು ಹುಡುಕಿದಷ್ಟನ್ನು ಹೇಳುತ್ತೇನೆ.

ಮೊದಲು ‘ನಾಸ್ತಿಕ’. ‘ಇಲ್ಲ’ ಎನ್ನುವವ, ಸರಿ. ಆದರೆ ಏನು ಇಲ್ಲ ಎನ್ನುವವ? ಸಂಸ್ಕೃತ ವ್ಯಾಕರಣ ಬರೆದ ಪಾಣಿನಿ ಈ ಪದವನ್ನು 4.4.60ನೇ ಸೂತ್ರದಲ್ಲಿ ಸಾಧಿಸುತ್ತಾನೆ. ಅದಕ್ಕೆ ಕಾಶಿಕಾ ವೃತ್ತಿ ಕೊಡುವ ವಿವರಣೆಯಂತೆ, ಪರಲೋಕ ಉಂಟು ಎಂದು ತಿಳಿದವನು ಆಸ್ತಿಕ, ಇಲ್ಲ ಎಂದವನು ನಾಸ್ತಿಕ. ಮನುಸ್ಮೃತಿಯಲ್ಲಿ ವೇದವನ್ನು ಹಳಿಯುವವನೇ ನಾಸ್ತಿಕ. ಎರಡರಲ್ಲೂ ದೇವರ ಸುದ್ದಿಯೇ ಇಲ್ಲ! ಹಾಗಾಗಿಯೇ ಜಗತ್ತಿಗೆ ಸೃಷ್ಟಿಕರ್ತ ಬೇಕಿಲ್ಲ ಎಂದರೂ ವೇದವೇ ಪ್ರಮಾಣ ಎನ್ನುವ ಮೀಮಾಂಸಕರು ಆಸ್ತಿಕರ ಪಂಕ್ತಿಯಲ್ಲಿ ಕೂತಿದ್ದಾರೆ. ಇರುವೆಗೂ ನೋವಾಗದಂತೆ ನಡೆಯುವ, ಆದರೆ ವೇದವನ್ನು ಒಪ್ಪದ ಜೈನರಿಗೆ ನಾಸ್ತಿಕರ ಪಂಕ್ತಿ. ಜೈನರೂ ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ. ಪಂಪ, ಪೊನ್ನ, ರನ್ನ ಮೂವರೂ ಜೈನರೇ ಅಲ್ವಾ? ಸೃಷ್ಟಿಕರ್ತನಿಲ್ಲದೆಯೂ ನೀತಿ ನಡೆಯುತ್ತದೆ ಎನ್ನುವುದು ಕನ್ನಡಕ್ಕೆ ಹೊಸ ವಿಷಯವೇನೂ ಅಲ್ಲ. ಆದರೂ ಇವತ್ತು ಆ ಪದ ಕೇಳಿದರೆ ‘ಕೆಟ್ಟವ’ ಎನ್ನುವ ಅರ್ಥವೂ ಅದರ ಬಾಲ ಹಿಡಿದುಕೊಂಡು ಬರುತ್ತದೆ.

‘ನಿರೀಶ್ವರವಾದಿ’ ಪಠ್ಯಪುಸ್ತಕದ ಮಾತು. ಮಾವನಿಗೆ ವಾದ ಮಾಡುವ ಚಟವೂ ಇರಲಿಲ್ಲ.

ಮರಾಠಿಯಿಂದ ಏನಾದರೂ ಸಿಗಬಹುದೇ ಎಂದು ನೋಡಿದೆ. ಮಾತಾಡಿಸಲು ಬಂದ ಪಕ್ಕದ ಮನೆಯ ಕಾಕು, “ದೇವಮಾಣೂಸ್ ಹೋತೇ” ಎಂದು ಕಣ್ಣೊರೆಸಿಕೊಂಡರು. ಇದನ್ನೇ ನಾನು ಕನ್ನಡದಲ್ಲಿ ‘ದೇವಮಾನವ’ ಎಂದು ಬರೆದಿದ್ದರೆ ಗ್ರಹಚಾರ! ಮರಾಠಿಯ ದೇವಮಾಣೂಸ್ ಅಪ್ಪಟ ಒಳ್ಳೆಯವನು. ಕನ್ನಡದ ದೇವಮಾನವ ಕಾಣಿಕೆ ಹುಂಡಿ ಇಟ್ಟುಕೊಂಡವನು. ಮುಂಬಯಿಯಲ್ಲಿ ಎರಡೂ ಭಾಷೆ ಆಡುವ ನಾವು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು.

ಮರಾಠಿಯಲ್ಲೂ ನಾಸ್ತಿಕ ಎಂದರೆ ಬೈಗುಳವೇ ಆಗಿತ್ತು. 1888ರಲ್ಲಿ ‘ಸುಧಾರಕ’ ಪತ್ರಿಕೆ ತೆಗೆದ ವಿಚಾರವಾದಿ ಗೋಪಾಳ ಗಣೇಶ ಆಗರಕರರು ಬದುಕಿದ್ದಾಗಲೇ ವಿರೋಧಿಗಳು ಪುಣೆಯಲ್ಲಿ ಅವರ ಅಣಕು ಶವಯಾತ್ರೆ ಮಾಡಿದರು. ಹೆಚ್ಚು ಸಂಬಳದ ಆಸೆ ಬಿಟ್ಟು ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದ ಮನುಷ್ಯ; 1895ರಲ್ಲಿ, 38ನೇ ವಯಸ್ಸಿಗೆ ತೀರಿಕೊಂಡರು. ಈಗ ಅದೇ ಪುಣೆಯಲ್ಲಿ ಅವರ ಹೆಸರಿನ ರಸ್ತೆ ಇದೆ. ಮನುಷ್ಯನಿಗೆ ಮರ್ಯಾದೆ ಬಂತು, ಪದಕ್ಕೆ ಬರಲಿಲ್ಲ.

ಹೋಟೆಲಿನ ಹಿಂದಿಯಲ್ಲಿ ಮಾವನನ್ನು ಎಲ್ಲರೂ ‘ಇಮಾನ್‌ದಾರ್’ ಎನ್ನುತ್ತಿದ್ದರು. ಉತ್ತರ ಕರ್ನಾಟಕದವರಿಗೂ ಈ ಪದ ಹೊಸದಲ್ಲ. ಅರಬಿಯಲ್ಲಿ ಇಮಾನ್ ಎಂದರೆ ದೇವರಲ್ಲಿ ನಂಬಿಕೆ. ಅಂದರೆ ಮೂಲ ಹಿಡಿದು ಹೋದರೆ ನಂಬಿಕೆ ಉಳ್ಳವನೇ ಪ್ರಾಮಾಣಿಕ, ನಂಬಿಕೆ ಇಲ್ಲದ ‘ಬೇಇಮಾನ್’ ಮೋಸಗಾರ. ದೇವರಿಲ್ಲದೆ ಒಳ್ಳೆಯತನ ಇಲ್ಲ ಎಂದು ಪದವೇ ತೀರ್ಪು ಕೊಟ್ಟುಬಿಟ್ಟಿದೆ. ಆದರೆ ಆಡುವ ಜನ ಅದನ್ನು ಕ್ಯಾರೇ ಅನ್ನುವುದಿಲ್ಲ. ಮಾವ ಇಮಾನ್ ಇಲ್ಲದ ಇಮಾನ್‌ದಾರ್ ಆಗಿ ಮೂವತ್ತು ವರ್ಷ ಆರಾಮಾಗಿದ್ದರು.

ಕನ್ನಡದ ‘ನಂಬಿಕಸ್ಥ’ ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಪದ. ಇಲ್ಲೂ ಇರುವುದು ನಂಬಿಕೆಯೇ, ಆದರೆ ದಿಕ್ಕು ತಿರುಗಿದೆ. ನಂಬಿಕಸ್ಥ ಅಂದರೆ ಯಾರನ್ನೋ ನಂಬುವವನಲ್ಲ, ಬೇರೆಯವರು ನಂಬಬಹುದಾದವನು. ಕನ್ನಡ ಬೈಬಲಿನಲ್ಲಿ ‘ದೇವರು ನಂಬಿಗಸ್ತನು’ ಎಂದೇ ಇದೆ. ದೇವರು ಇನ್ನಾರನ್ನೋ ನಂಬುತ್ತಾನೆ ಎಂದು ಅದಕ್ಕೆ ಅರ್ಥವಲ್ಲವಷ್ಟೆ. ಹಾಗಾಗಿ ‘ದೇವರನ್ನು ನಂಬದ ನಂಬಿಕಸ್ಥ’ ಎಂದರೆ ಕನ್ನಡದಲ್ಲಿ ಎಡವಟ್ಟೇನೂ ಇಲ್ಲ. ನನಗೆ ಇದೇ ಹಿಡಿಸಿತು.

ಹೆಂಡತಿ ಒಪ್ಪುತ್ತಿಲ್ಲ. “ನಂಬಿಕಸ್ಥ ಅಂದ್ರೆ ಆಳು ಅನ್ನಿಸ್ತದೆ, ಧಣಿಗಳು ಹೇಳುವ ಮಾತು” ಎನ್ನುತ್ತಾಳೆ. ಅದೂ ಹೌದು. ‘ನಂಬಿಕಸ್ಥ ಆಳು’ ಎನ್ನುತ್ತೇವೆ, ‘ನಂಬಿಕಸ್ಥ ಧಣಿ’ ಎಂದು ಎಲ್ಲಿ ಕೇಳಿದ್ದೇವೆ? ‘ನಿಯತ್ತಿನ ಮನುಷ್ಯ’ ಎಂದರೆ ಆ ತೊಂದರೆ ಇನ್ನೂ ಜಾಸ್ತಿ. ನಿಯತ್ತು ಅಂದ ಕೂಡಲೇ ನಮಗೆ ನಾಯಿ ನೆನಪಾಗುತ್ತದೆ.

ಈಗ ನನ್ನ ಪ್ರಶ್ನೆಗಳು. ‘ನಂಬಿಕಸ್ಥ’ವನ್ನು ಆಳು, ನೌಕರ ಎಂಬ ನೆರಳಿಲ್ಲದೆ ನಿಮ್ಮ ಕಡೆ ಬಳಸುತ್ತಾರಾ? ‘ದೇವಮಾನವ’ಕ್ಕೆ ಹಿಂದೆ ಎಲ್ಲಾದರೂ ಮರಾಠಿಯ ಹಾಗೆ ಒಳ್ಳೆಯ ಅರ್ಥ ಇತ್ತಾ? ಧಾರವಾಡ, ಕುಂದಾಪುರ, ಚಾಮರಾಜನಗರದ ಕಡೆಯವರು ಮನೆಮಾತಿನ ಪದ ಏನಾದರೂ ಇದ್ದರೆ ದಯವಿಟ್ಟು ತಿಳಿಸಿ. ಪತ್ರಿಕೆ ಭಾನುವಾರ ಅಚ್ಚಿಗೆ ಹೋಗುತ್ತದೆ. ಏನೂ ಸಿಗದಿದ್ದರೆ ‘ದೇವರಂಥ ಮನುಷ್ಯ’ ಎಂದೇ ಬರುತ್ತದೆ.