ಪಿಟ್ಸ್‌ಬರ್ಗಿಗೆ ಮಗಳನ್ನ ಕರ್ಕೊಂಡು ಹೋಗ್ಬಹುದಾ?

ತಿಪಟೂರಿನವಳು, ಸನ್ನಿವೇಲ್:
ಎಲ್ಲರಿಗೂ ನಮಸ್ಕಾರ. ನಮ್ಮನೆಯವರಿಗೆ ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್‌ನಲ್ಲಿ ಕೆಲಸ ಸಿಕ್ಕಿದೆ, ಜನವರಿಗೆ ಸೇರ್ಕೋಬೇಕು. ಮಗಳಿಗೆ ಆರು ವರ್ಷ, ಫಸ್ಟ್ ಗ್ರೇಡ್. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಅಪಾರ್ಟ್‌ಮೆಂಟಲ್ಲೇ ನಾಲ್ಕು ಕನ್ನಡದ ಮನೆ ಇವೆ, ಸಂಜೆ ಮಕ್ಕಳು ಜಗಳ ಆಡೋದೂ ಕನ್ನಡದಲ್ಲೇ. ಆ ಊರು ಅಂದ್ರೆ ಉಕ್ಕಿನ ಕಾರ್ಖಾನೆ, ಹೊಗೆ, ಮೋಡ ಅಂತಷ್ಟೇ ಕೇಳಿದ್ದೀನಿ. ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಯಾವ ಏರಿಯಾ ಒಳ್ಳೇದು? ವರ್ಷದ ಮಧ್ಯೆ ಸ್ಕೂಲ್ ಬದಲಾಯಿಸಿದ್ರೆ ಮಗುಗೆ ಕಷ್ಟ ಆಗುತ್ತಾ? ಅಲ್ಲಿರೋರು ದಯವಿಟ್ಟು ಹೇಳಿ.

ಮೈಸೂರಿನವರು, ಮನ್ರೋವಿಲ್:
ಯಾಕಮ್ಮ ಹೆದರ್ತೀಯ? ನಾನು ಪಿಟ್ಸ್‌ಬರ್ಗಿಗೆ ಬಂದದ್ದು 1989ರಲ್ಲಿ. ಉಕ್ಕಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿ ಊರಿಗೆ ಊರೇ ಸೊರಗಿತ್ತು. ಮೊದಲ ವಾರ ನನ್ನ ಹೆಂಡತಿ ಅತ್ತಳು. ಮೂರನೇ ಭಾನುವಾರ ಊರ ಪಕ್ಕದ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದ್ವಿ. 1970ರ ದಶಕದ್ದು, ಅಮೆರಿಕದ ಹಳೇ ದೇವಸ್ಥಾನಗಳಲ್ಲಿ ಒಂದು. ಪುಳಿಯೋಗರೆ ಸಾಲಲ್ಲಿ ಮುಂದೆ ನಿಂತಿದ್ದ ಹೆಂಗಸು ತಿರುಗಿ “ಯಾವೂರಾಯ್ತು ನಿಮ್ದು?” ಅಂದ್ರು. ಇವಳು ಮತ್ತೆ ಅತ್ತಳು, ಆ ಅಳು ಬೇರೆ. ಅವರ ಮನೆಗೂ ನಮ್ಮ ಮನೆಗೂ ಇವತ್ತಿಗೂ ಹುಳಿ ಡಬ್ಬಿ ಓಡಾಡುತ್ತೆ. ಯೂನಿವರ್ಸಿಟಿಗಳು, ಆಸ್ಪತ್ರೆಗಳು ಊರನ್ನ ಎತ್ತಿ ನಿಲ್ಲಿಸಿದ್ವು. ಜೋನಾಸ್ ಸಾಕ್ ಪೋಲಿಯೊ ಲಸಿಕೆ ಕಂಡುಹಿಡಿದದ್ದೂ ಇದೇ ಊರಲ್ಲಿ. ನನ್ನ ಮಗ ಇಲ್ಲೇ ಓದಿ ಇಲ್ಲೇ ಡಾಕ್ಟರ್ ಆಗಿದ್ದಾನೆ.

ಧಾರವಾಡದವ, ನಾರ್ತ್ ಹಿಲ್ಸ್:
ಅಕ್ಕಾರ, ಏರಿಯಾ ಹೆಸರು ನೋಡಿ ಮನಿ ಹಿಡೀಬ್ಯಾಡ್ರಿ, ಸ್ಕೂಲ್ ಡಿಸ್ಟ್ರಿಕ್ಟ್ (ಮನಿ ವಿಳಾಸದ ಮ್ಯಾಲ ಶಾಲಿ ಗೊತ್ತು ಮಾಡೋ ವಿಭಾಗ) ಯಾವುದು ಕೇಳ್ರಿ. ಪಿಟ್ಸ್‌ಬರ್ಗ್ ಇರೋ ಅಲಿಗೇನಿ ಕೌಂಟಿ ಒಂದ್ರಾಗ 40ಕ್ಕಿಂತ ಹೆಚ್ಚು ಡಿಸ್ಟ್ರಿಕ್ಟ್ ಅದಾವು. ವಿಳಾಸದಾಗ ಪಿಟ್ಸ್‌ಬರ್ಗ್ ಅಂತಿದ್ರೂ ಶಾಲಿ ಬ್ಯಾರೇನ ಇರಬಹುದು. ಸಿಟಿ ಒಳಗಿದ್ರ ಪಗಾರದ ಮ್ಯಾಲ ಸ್ಥಳೀಯ ತೆರಿಗಿ 3%, ಹೊರಗ ಬಹಳ ಕಡೆ 1%. ಬೇಸ್‌ಮೆಂಟ್ ಇರೋ ಮನಿ ಆದ್ರ ರೇಡಾನ್ (ನೆಲದಿಂದ ಏಳೋ ವಿಕಿರಣದ ಅನಿಲ) ಟೆಸ್ಟ್ ಮಾಡಸ್ರಿ, ಲೀಟರಿಗೆ 4 ಪಿಕೊಕ್ಯೂರಿ ದಾಟಿದ್ರ ಅದನ್ನ ಹೊರಗ ಹಾಕೋ ಫ್ಯಾನ್ ಕೂಡಸಬೇಕು. ಹೊಗಿ ಪೂರ್ತಿ ಹೋಗಿಲ್ಲ, ಕ್ಲೇರ್ಟನ್‌ದಾಗ ಉಕ್ಕಿಗೆ ಬೇಕಾದ ಕೋಕ್ ಕಲ್ಲಿದ್ದಲಿನಿಂದ ಮಾಡೋ ಕಾರ್ಖಾನಿ ಇನ್ನೂ ಅದ. ಆ ಕಡೆ ಮನಿ ನೋಡೂದಿದ್ರ ಗಾಳಿ ಇಲ್ಲದ ದಿನ ಮುಂಜಾನೆ ಹೋಗ್ರಿ. ಕೊಳೆತ ತತ್ತಿ ವಾಸನಿ ಬಂದ್ರ ಆ ಮನಿ ಬ್ಯಾಡ.

ಕೋಲಾರದವರು, ಡಲ್ಲಾಸ್:
ಯಾವ ಊರು ಅನ್ನೋ ಪ್ರಶ್ನೆಯೇ ತಪ್ಪು ತಂಗಿ. ಮಗುಗೆ ಎಂಟು ತುಂಬೋದರೊಳಗೆ ಇಂಡಿಯಾಕ್ಕೆ ವಾಪಸ್ ಹೋಗಿ. ನಾನು ಮುಂದಿನ ವರ್ಷ, ಮುಂದಿನ ವರ್ಷ ಅಂತ 17 ವರ್ಷ ತಳ್ಳಿದೆ. ಅಪ್ಪ ಹೋದಾಗ ಫ್ಲೈಟ್ ಹಿಡಿದು ಮನೆ ಮುಟ್ಟೋಷ್ಟರಲ್ಲಿ ಎಲ್ಲ ಮುಗಿದಿತ್ತು. ನನ್ನ ಮಗಳು ಅಜ್ಜಿಗೆ ಫೋನಲ್ಲಿ “ಊಟ ಆಯ್ತಾ” ಅಂದಮೇಲೆ ಮುಂದೇನು ಕೇಳ್ಬೇಕು ಗೊತ್ತಾಗದೆ ಫೋನ್ ನನ್ನ ಕೈಗೆ ಕೊಡ್ತಾಳೆ. ಪ್ರತಿ ಭಾನುವಾರ ಇದೇ.

ಮಂಡ್ಯದವರು, ನ್ಯೂಜೆರ್ಸಿ:
ಅಣ್ಣ ಹೇಳಿದ್ದು ನೂರಕ್ಕೆ ನೂರು ಸತ್ಯ. ನಮ್ಮ ಗದ್ದೆ ಬೆಳೆ ಪಾಲಿಗೆ ಕೊಟ್ಟು ಬಂದೆ, ಈಗ ಬದು ಎಲ್ಲಿದೆ ಅಂತ ನನಗೇ ಗೊತ್ತಿಲ್ಲ.

ಹಾಸನದವಳು, ಕ್ರಾನ್‌ಬೆರಿ:
ವಾಪಸ್ ಹೋಗಿ ಅನ್ನೋದು ಸುಲಭ. ನಾವು 2016ರಲ್ಲಿ ಹೋಗಿದ್ವಿ. ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ಮಕ್ಕಳು ಕಲ್ತದ್ದು ಹಿಂದಿ. 2019ರಲ್ಲಿ ತಿರುಗಿ ಬಂದ್ವಿ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡಲ್ಲ, ಅದಕ್ಕೇ ಉಳಿದಿದೆ.

ಕೋಲಾರದವರು, ಡಲ್ಲಾಸ್:
ಭಾಷೆ ಮನೇಲಿ ಕಲಿಸಬಹುದು ಮೇಡಂ. ಅಜ್ಜಿ ತಾತನ್ನ ಎಲ್ಲಿಂದ ತರ್ತೀರ?

ಹಾಸನದವಳು, ಕ್ರಾನ್‌ಬೆರಿ:
ಬೆಂಗಳೂರಲ್ಲಿದ್ದಾಗಲೂ ಹಾಸನದ ಅಜ್ಜಿಯನ್ನ ನೋಡ್ತಿದ್ದದ್ದು ಎರಡು ತಿಂಗಳಿಗೊಮ್ಮೆ ಸರ್. ಟ್ರಾಫಿಕ್, ಪರೀಕ್ಷೆ, ಟ್ಯೂಷನ್.

ತಿಪಟೂರಿನವಳು, ಸನ್ನಿವೇಲ್:
ಅಣ್ಣ, ಅಕ್ಕ, ನಿಮ್ಮ ನೋವು ಅರ್ಥ ಆಗುತ್ತೆ. ಆದ್ರೆ ಈಗ ವಾಪಸ್ ಹೋಗೋ ಸ್ಥಿತಿಯಲ್ಲಿ ನಾವಿಲ್ಲ. ನಾನು ಕೇಳಿದ್ದು ಜನವರಿಯಲ್ಲಿ ಸ್ಕೂಲಿಗೆ ಸೇರಿಸೋದರ ಬಗ್ಗೆ. ಯಾರಾದ್ರೂ ಹಾಗೆ ಮಾಡಿದ್ದೀರಾ?

ಶಿವಮೊಗ್ಗದವಳು, ಸ್ಕ್ವಿರಲ್ ಹಿಲ್:
ನಾವು ಫೆಬ್ರವರಿಯಲ್ಲಿ ಬಂದ್ವಿ ಕಣ್ರೀ, ಮಗ ಆಗ ಎರಡನೇ ಕ್ಲಾಸು. ಲಸಿಕೆ ಕಾಗದ, ಹಳೇ ಸ್ಕೂಲಿನ ರಿಪೋರ್ಟು ಕೈಯಲ್ಲಿಟ್ಕೊಳ್ಳಿ, ಪ್ಯಾಕಿಂಗ್ ಡಬ್ಬಕ್ಕೆ ಹಾಕ್ಬೇಡಿ. ಟೀಚರಿಗೆ ಮೊದಲೇ ಬರೆದಿದ್ದೆ, ಪಕ್ಕ ಕೂರೋಕೆ ಒಬ್ಬ ಹುಡುಗನ್ನ ಗೊತ್ತು ಮಾಡಿದ್ರು. ಮೂರು ವಾರ ಬಿಸಿಲೇ ಕಾಣ್ಲಿಲ್ಲ, ನನಗೆ ಕಷ್ಟ ಆದದ್ದು ಅದೇ, ಮಗನಿಗಲ್ಲ. ಓಕ್‌ಲ್ಯಾಂಡಿನ ಕಾರ್ನೆಗಿ ಲೈಬ್ರರಿಯಲ್ಲಿ ಅವನ ಹೆಸರಲ್ಲೇ ಕಾರ್ಡ್ ಮಾಡ್ಸಿದೆ. ಬಾಗಿಲ ಮೇಲೆ “ಫ್ರೀ ಟು ದ ಪೀಪಲ್” ಅಂತ ಕಲ್ಲಲ್ಲಿ ಕೆತ್ತಿದ್ದಾರೆ, ಅದನ್ನ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಅದೇ ಕಟ್ಟಡದಲ್ಲಿ ಡೈನೋಸಾರ್ ಮೂಳೆಗಳ ಮ್ಯೂಸಿಯಂ ಇದೆ. ಮೋಡದ ಶನಿವಾರಗಳು ಅಲ್ಲೇ ಕಳೆದ್ವು.

ಇನ್ನೊಂದು. ಏರ್‌ಪೋರ್ಟಿಂದ ಬರುವಾಗ ಫೋರ್ಟ್ ಪಿಟ್ ಸುರಂಗ ಬರುತ್ತೆ. ಮಗಳನ್ನ ಎಬ್ಬಿಸಿ ಕೂರಿಸಿ. ಸುರಂಗ ಮುಗಿದದ್ದೇ ಸೇತುವೆ, ಇಡೀ ಊರು ಒಮ್ಮೆಗೇ ಕಣ್ಮುಂದೆ ಬರುತ್ತೆ. ನಮ್ಮ ಕೂಡಲಿಯಲ್ಲಿ ತುಂಗೆ ಭದ್ರೆ ಸೇರೋ ಹಾಗೆ ಅಲ್ಲಿ ಅಲಿಗೇನಿ, ಮನಾಂಗಹೀಲಾ ಸೇರಿ ಓಹಿಯೊ ಆಗುತ್ತೆ. ನಾನು ಬಂದ ರಾತ್ರಿ ನೀರ ಮೇಲೆಲ್ಲ ದೀಪ. ಹೊಗೆಯ ಊರು ಅಂತ ಗಂಡನ ಹತ್ರ ದಾರಿಯುದ್ದಕ್ಕೂ ಜಗಳ ಆಡಿದ್ದೆ, ಅಲ್ಲಿ ಸುಮ್ಮನಾದೆ.

ತಿಪಟೂರಿನವಳು, ಸನ್ನಿವೇಲ್:
ಇದನ್ನ ಮಗಳಿಗೆ ಓದಿ ಹೇಳ್ದೆ. ಡೈನೋಸಾರ್ ಎಷ್ಟಿವೆ ಕೇಳಿ ಅಂತಿದ್ದಾಳೆ. ಮುಂದಿನ ಶುಕ್ರವಾರ ರಾತ್ರಿ ಮೂವರೂ ಊರು ನೋಡೋಕೆ ಬರ್ತಿದ್ದೀವಿ.

ಧಾರವಾಡದವ, ನಾರ್ತ್ ಹಿಲ್ಸ್:
ಶನಿವಾರ ಮುಂಜಾನೆ ಮನಿ ನೋಡಾಕ ನಾನ ಕಾರ್ ತರ್ತೀನ್ರಿ. ಮಧ್ಯಾಹ್ನ ರೊಟ್ಟಿ ಊಟ ನಮ್ಮನ್ಯಾಗ.